ಶಾಸನಸಭೆಗೆ ಬಂದ ಡಾಕ್ಟರಮ್ಮ

ಮೊದಲು ಒಂದು ದಾಖಲಾತಿ ರಿಜಿಸ್ಟರಿನ ವಿಷಯ ಹೇಳಿಬಿಡುತ್ತೇನೆ. ನಾನು ಇದೇ ಬಳ್ಳಾರಿ ಸೀಮೆಯ ಹಳ್ಳಿಯೊಂದರ ಶಾಲೆಗೆ ಕೆಲಸಕ್ಕೆ ಸೇರಿದ ಮೊದಲ ವರ್ಷ. ಜೂನ್ ತಿಂಗಳು. ಹೊಸಬಳೆಂದು ಹೆಡ್‌ಮಾಸ್ತರರು ಉದ್ದನೆಯ ರಿಜಿಸ್ಟರನ್ನು ನನ್ನ ಮುಂದಿಟ್ಟು ತಾಲ್ಲೂಕು ಕಚೇರಿಗೆ ಹೋಗಿದ್ದರು. ಒಬ್ಬ ತಾಯಿ ಮಗಳ ಕೈ ಹಿಡಿದುಕೊಂಡು ಬಂದಳು. ಹುಡುಗಿಯ ತಲೆಗೆ ಕೊಬ್ಬರಿ ಎಣ್ಣೆ ಬಳಿದು ಎರಡು ಜಡೆಯನ್ನು ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಹೆಣೆದಿದ್ದಳು. ಹೆಸರು ಬರೆದುಕೊಂಡೆ. ಹುಟ್ಟಿದ ತಾರೀಖು ಅಂದಾಜಿನಲ್ಲಿ ಜೂನ್ ಒಂದು ಎಂದು ಬರೆದೆ. ನಗಬೇಡಿ, ನಿಮ್ಮ ಅಪ್ಪ ಅಮ್ಮಂದಿರ ದಾಖಲೆ ತೆಗೆದು ನೋಡಿ, ನಮ್ಮ ಕಡೆ ಅರ್ಧ ಊರು ಹುಟ್ಟಿರುವುದು ಜೂನ್ ಒಂದಕ್ಕೇ. ಮುಂದಿನ ಕಾಲಂ ತಂದೆಯ ಹೆಸರಿನದು. ಕೇಳಿದೆ. ಆಕೆ ನೆಲ ನೋಡಲಿಲ್ಲ, ನಾಚಲೂ ಇಲ್ಲ. "ದೇವರ ಹೆಸರು ಬರೆದುಕೊಳ್ಳಿ ಟೀಚರಮ್ಮ" ಎಂದಳು. ನಾನೆಂಥ ದಡ್ಡಿ ನೋಡಿ, "ಯಾವ ದೇವರು?" ಎಂದು ಕೇಳಿಬಿಟ್ಟೆ. ಬಾಗಿಲ ಬಳಿ ನಿಂತಿದ್ದ ಜವಾನ ಮುಖವನ್ನು ಆ ಕಡೆ ತಿರುಗಿಸಿಕೊಂಡ. ಆಗ ನನಗೆ ಅರ್ಥವಾಯಿತು. ಆ ಕಾಲಂನಲ್ಲಿ ಒಂದು ಅಡ್ಡಗೆರೆ ಎಳೆದು ಮುಂದಕ್ಕೆ ಹೋದೆ.

ಇವತ್ತು ನಾನು ಮಾತನಾಡಬೇಕಾಗಿರುವುದು ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ಬಗ್ಗೆ. ಬ್ರಿಟಿಷ್ ಇಂಡಿಯಾದ ಮೊದಲ ಶಾಸಕಿ. ತಮಿಳುನಾಡಿನವರು, ನಮಗೇನು ಸಂಬಂಧ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅಲ್ಲಿಯವರೆಗೆ ನಮ್ಮ ಅಜ್ಜ ಅಜ್ಜಿಯರ ಕಾಯ್ದೆ ಕಾನೂನುಗಳೆಲ್ಲ ಮದ್ರಾಸಿನಲ್ಲೇ ಆಗುತ್ತಿದ್ದವು. ಮಂಗಳೂರಿನವರಿಗೂ 1956ರವರೆಗೆ ಅದೇ ಕಥೆ. ಆಕೆ ಸದನದಲ್ಲಿ ಎದ್ದು ನಿಂತು ಮಾತನಾಡಿದಾಗ ನಮ್ಮ ಊರಿನ ಹೆಣ್ಣುಮಕ್ಕಳ ಪರವಾಗಿಯೂ ಮಾತನಾಡಿದಂತಾಯಿತು. ಎಷ್ಟರಮಟ್ಟಿಗೆ ಆಯಿತು, ಎಲ್ಲಿ ಆಗಲಿಲ್ಲ ಎಂಬುದನ್ನು ಮುಂದೆ ನೋಡೋಣ.

ಮುತ್ತುಲಕ್ಷ್ಮಿ ಹುಟ್ಟಿದ್ದು 1886ರ ಜುಲೈ 30ರಂದು, ಪುದುಕೋಟೆ ಸಂಸ್ಥಾನದಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್, ಅಲ್ಲಿನ ಮಹಾರಾಜ ಕಾಲೇಜಿನ ಪ್ರಾಂಶುಪಾಲರು. ತಾಯಿ ಚಂದ್ರಮ್ಮಾಳ್, ದೇವದಾಸಿ ಕುಲದವರು. ಅಯ್ಯರ್ ಅವರನ್ನು ಅವರ ಕುಟುಂಬ ದೂರವಿಟ್ಟಿತು. ನೋಡಿ, ನಮ್ಮಲ್ಲಿ ಜೀವನಚರಿತ್ರೆ ಬರೆಯುವವರು ಈ ತಾಯಿಯ ವಿಷಯ ಬಂದ ಕೂಡಲೇ ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾರೆ. ನನಗನ್ನಿಸುವ ಪ್ರಕಾರ ಇಡೀ ಕಥೆಯ ಬೇರು ಇರುವುದು ಅಲ್ಲಿಯೇ. ಆ ಹುಡುಗಿಗೆ ತಂದೆಯ ಹೆಸರಿತ್ತು. ಆತ ಮನೆಯಲ್ಲಿದ್ದರು, ಕೂರಿಸಿಕೊಂಡು ಓದು ಕಲಿಸಿದರು. ಅದೇ ಕುಲದ ಎಷ್ಟೋ ಮಕ್ಕಳಿಗೆ ಆ ಭಾಗ್ಯ ಇರಲಿಲ್ಲ. ಒಂದು ಕೂದಲೆಳೆಯ ವ್ಯತ್ಯಾಸದಲ್ಲಿ ತನ್ನ ಬದುಕು ಬೇರೆ ದಾರಿ ಹಿಡಿಯಬಹುದಿತ್ತು ಎಂಬ ಅರಿವು ಇಟ್ಟುಕೊಂಡೇ ಆಕೆ ಬೆಳೆದಿರಬೇಕು.

(ಇಲ್ಲೊಂದು ಅಡ್ಡಮಾತು. ಅದೇ ನಾರಾಯಣಸ್ವಾಮಿ ಅಯ್ಯರ್ ಅವರ ಮೊಮ್ಮಗ ಜೆಮಿನಿ ಗಣೇಶನ್. ಹಾಗಾಗಿ ಹಿಂದಿ ಚಿತ್ರನಟಿ ರೇಖಾ ಇದ್ದಾರಲ್ಲ, ಅವರಿಗೆ ಮುತ್ತುಲಕ್ಷ್ಮಿ ಅಜ್ಜಿಯ ಸಾಲಿನವರು. ಈ ಸಭೆಯಲ್ಲಿ ನಿದ್ದೆ ಬಂದವರು ಯಾರಾದರೂ ಇದ್ದರೆ ಈಗ ಎದ್ದಿರುತ್ತಾರೆ.)

ಮೈನೆರೆದ ಮೇಲೆ ಹುಡುಗಿಯ ಶಾಲೆ ನಿಂತಿತು. ಮನೆಯಲ್ಲೇ ಓದಿ ಮೆಟ್ರಿಕ್ಯುಲೇಷನ್ ಪಾಸು ಮಾಡಿದರು. ಮುಂದೆ ಓದಬೇಕೆಂದರೆ ಊರಿನಲ್ಲಿದ್ದದ್ದು ಗಂಡುಹುಡುಗರ ಕಾಲೇಜು. ಅರ್ಜಿ ಹಾಕಿದಾಗ ಊರಲ್ಲಿ ಗದ್ದಲ. ಇವಳು ಬಂದರೆ ನಮ್ಮ ಹುಡುಗರು ಕೆಡುತ್ತಾರೆ ಎಂದು ಪಾಲಕರು, ಅಧ್ಯಾಪಕರು ಎಲ್ಲರೂ ತಕರಾರು ಎತ್ತಿದರು. ಕೆಡುವ ಹುಡುಗರನ್ನು ಮನೆಯಲ್ಲಿ ಕೂರಿಸಿ ಎಂದು ಯಾರೂ ಹೇಳಲಿಲ್ಲ ಬಿಡಿ. ಪುದುಕೋಟೆಯ ದೊರೆ ಮಾರ್ತಾಂಡ ಭೈರವ ತೊಂಡೈಮಾನ್ ಆ ತಕರಾರನ್ನೆಲ್ಲ ಬದಿಗೆ ಸರಿಸಿ ಸೇರಿಸಿಕೊಳ್ಳಿ ಎಂದರು, ವಿದ್ಯಾರ್ಥಿವೇತನವನ್ನೂ ಕೊಟ್ಟರು. ಆ ಕಾಲೇಜಿಗೆ ಕಾಲಿಟ್ಟ ಮೊದಲ ಹುಡುಗಿ ಆಕೆ.

1907ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜು. 1912ರಲ್ಲಿ ಪದಕಗಳ ಜೊತೆಗೆ ಪದವಿ. ಎಗ್ಮೋರಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆದ ಮೊದಲ ಮಹಿಳೆ. 1914ರಲ್ಲಿ ಡಾ. ಸುಂದರ ರೆಡ್ಡಿ ಅವರೊಂದಿಗೆ ಮದುವೆ. ಮದುವೆಗೆ ಮುನ್ನ ಆಕೆ ಹಾಕಿದ ಷರತ್ತು ಪ್ರಸಿದ್ಧವಾದದ್ದು: ನನ್ನನ್ನು ಸಮಾನಳೆಂದು ಕಾಣಬೇಕು, ನನ್ನ ಇಷ್ಟಕ್ಕೆ ಅಡ್ಡ ಬರಬಾರದು. ಅವರು ಒಪ್ಪಿದರು. ಒಪ್ಪಿದ್ದು ಮಾತ್ರವಲ್ಲ, ಆ ಮಾತಿನಂತೆ ನಡೆದರು ಕೂಡ. ಈ ಸಭೆಯಲ್ಲಿರುವ ಹುಡುಗಿಯರು ಈ ಎರಡನೆಯ ಭಾಗವನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಯಾಕೆಂದರೆ ಒಪ್ಪುವವರು ಬೇಕಾದಷ್ಟು ಜನ ಸಿಗುತ್ತಾರೆ.

ಈಗ ಮತದಾನದ ವಿಷಯಕ್ಕೆ ಬರೋಣ. 1917ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ ಭಾರತೀಯ ಮಹಿಳಾ ಸಂಘ ಹುಟ್ಟಿತು. ಆನಿ ಬೆಸೆಂಟ್, ಮಾರ್ಗರೆಟ್ ಕಸಿನ್ಸ್, ಡೊರೊತಿ ಜಿನರಾಜದಾಸ ಅದರ ಹಿಂದಿದ್ದವರು. ಬ್ರಿಟಿಷರ 1919ರ ಆಡಳಿತ ಸುಧಾರಣೆ ಹೆಂಗಸರ ಮತದ ಪ್ರಶ್ನೆಯನ್ನು ಪ್ರಾಂತಗಳ ತಲೆಗೆ ಕಟ್ಟಿತ್ತು. 1921ರಲ್ಲಿ ಬ್ರಿಟಿಷ್ ಪ್ರಾಂತಗಳ ಪೈಕಿ ಮೊದಲು ಒಪ್ಪಿದ್ದು ಮದ್ರಾಸ್. ಒಪ್ಪಿದ್ದು ಅಂದರೆ, ಆಸ್ತಿ ಇರುವವರಿಗೆ ಮಾತ್ರ ಮತ, ಹಾಗಾಗಿ ಬೆರಳೆಣಿಕೆಯ ಹೆಂಗಸರಿಗೆ. ಚುನಾವಣೆಗೆ ನಿಲ್ಲಬಹುದು ಎಂಬ ಅನುಮತಿ ಬಂದದ್ದು 1926ರಲ್ಲಿ.

ಆಗ ನಿಂತವರು ಯಾರು ಹೇಳಿ? ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಇಪ್ಪತ್ತಮೂರು ವರ್ಷ ಆಕೆಗೆ. ಪ್ರಚಾರಕ್ಕೆ ಸಿಕ್ಕ ಸಮಯ ಬಹಳ ಕಡಿಮೆ. ಮಾರ್ಗರೆಟ್ ಕಸಿನ್ಸ್ ಬೆನ್ನಿಗೆ ನಿಂತರು. ದಕ್ಷಿಣ ಕನ್ನಡದ ಹಳ್ಳಿಗಳನ್ನು ಸುತ್ತಿದರು. ತೀರಾ ಸಣ್ಣ ಅಂತರದಲ್ಲಿ ಸೋತರು. ಆ ಕೆಲವು ಮತ ಈ ಕಡೆ ಬಿದ್ದಿದ್ದರೆ ಚುನಾವಣೆ ಗೆದ್ದು ಸದನಕ್ಕೆ ಹೋದ ದೇಶದ ಮೊದಲ ಮಹಿಳೆ ಕರಾವಳಿ ಕನ್ನಡದ ಹೆಣ್ಣಾಗುತ್ತಿದ್ದಳು. ನಮ್ಮ ಪಠ್ಯಪುಸ್ತಕಗಳಲ್ಲಿ ಕಮಲಾದೇವಿ ಎಂದರೆ ಕರಕುಶಲ ವಸ್ತು, ಕೈಮಗ್ಗ. ಈ ಸೋಲನ್ನೂ ಬರೆಯಬೇಕಿತ್ತು.

ಗೆದ್ದು ಬರುವ ಹೆಂಗಸು ಇಲ್ಲದಾಗ ಸರ್ಕಾರ ನಾಮಕರಣದ ದಾರಿ ಹಿಡಿಯಿತು. ಮಹಿಳಾ ಸಂಘ ಸೂಚಿಸಿದ ಹೆಸರು ಮುತ್ತುಲಕ್ಷ್ಮಿಯವರದು. ಆಕೆ ಆಗ ಇಂಗ್ಲೆಂಡಿನಲ್ಲಿ ಹೆಂಗಸರ ಮತ್ತು ಮಕ್ಕಳ ರೋಗಗಳ ಬಗ್ಗೆ ಹೆಚ್ಚಿನ ತರಬೇತಿ ಮುಗಿಸಿ ಬಂದಿದ್ದರು. ರೋಗಿಗಳನ್ನು ಬಿಟ್ಟು ಸದನದಲ್ಲಿ ಹೋಗಿ ಕೂರುವುದಕ್ಕೆ ಮೊದಲು ಹಿಂದೇಟು ಹಾಕಿದರು. ಕೊನೆಗೆ ಒಪ್ಪಿದರು. 1927ರಲ್ಲಿ ಮದ್ರಾಸ್ ಶಾಸನ ಪರಿಷತ್ತಿನ ಉಪಾಧ್ಯಕ್ಷೆಯಾಗಿ ಸದಸ್ಯರು ಅವರನ್ನು ಸರ್ವಾನುಮತದಿಂದ ಆರಿಸಿದರು.

ಒಂದು ತಿದ್ದುಪಡಿ ಹೇಳಿಬಿಡಬೇಕು. ಭಾರತದ ಮೊದಲ ಶಾಸಕಿ ಎಂದು ಎಲ್ಲ ಕಡೆ ಬರೆಯುತ್ತಾರೆ. ತಿರುವಾಂಕೂರು ಸಂಸ್ಥಾನದಲ್ಲಿ ಅದಕ್ಕೂ ಮುನ್ನವೇ ಮೇರಿ ಪೂನೆನ್ ಲೂಕೋಸ್ ಅವರನ್ನು ಅಲ್ಲಿನ ಪರಿಷತ್ತಿಗೆ ನಾಮಕರಣ ಮಾಡಿದ್ದರು. ಅದಕ್ಕೇ ನಾನು ಬ್ರಿಟಿಷ್ ಇಂಡಿಯಾ ಎಂದು ಬಿಗಿ ಹಿಡಿದು ಹೇಳಿದ್ದು. ತಮಾಷೆಯೆಂದರೆ ಮೇರಿಯವರೂ ಡಾಕ್ಟರೇ. ಇಬ್ಬರೂ ಡಾಕ್ಟರಮ್ಮಂದಿರೇ ಆದದ್ದು ಕಾಕತಾಳೀಯವಲ್ಲ ಎಂದು ನನ್ನ ಅಂದಾಜು. ಆ ಕಾಲದಲ್ಲಿ ಹೆಂಗಸೊಬ್ಬಳು ಕೆಲಸ ಮಾಡುತ್ತಾಳೆ, ಜವಾಬ್ದಾರಿ ಹೊರುತ್ತಾಳೆ ಎಂದು ಸರ್ಕಾರಕ್ಕೆ ಕಣ್ಣಾರೆ ಕಾಣುತ್ತಿದ್ದದ್ದು ಹೆರಿಗೆ ಆಸ್ಪತ್ರೆಯಲ್ಲಿ.

ಆಗ ಪ್ರಾಂತದ ಮುಖ್ಯಮಂತ್ರಿ ಪಿ. ಸುಬ್ಬರಾಯನ್. ಅವರ ಹೆಂಡತಿ ರಾಧಾಬಾಯಿ ಯಾರು ಗೊತ್ತೇ? ಮಂಗಳೂರಿನ ಕುದ್ಮುಲ್ ರಂಗರಾಯರ ಮಗಳು. ದಲಿತ ಮಕ್ಕಳಿಗೆ ಶಾಲೆ ತೆರೆದ ರಂಗರಾಯರು. ರಾಧಾಬಾಯಿ ಮುಂದೆ ಮೊದಲ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಮಹಿಳೆಯರಲ್ಲಿ ಒಬ್ಬರಾದರು. ಮದ್ರಾಸಿನ ಆ ಪುಟ್ಟ ವಲಯದಲ್ಲಿ ಎಷ್ಟು ಕನ್ನಡನಾಡಿನ ಎಳೆಗಳಿವೆ ನೋಡಿ. ಇನ್ನೊಂದು ಎಳೆ ಮುಂದೆ ಬರುತ್ತದೆ, ಅದು ವಿರೋಧದ ಎಳೆ.

ಸದನದಲ್ಲಿ ಆಕೆ ಎತ್ತಿದ ವಿಷಯಗಳ ಪಟ್ಟಿ ಉದ್ದವಿದೆ. ಶಾಲಾಮಕ್ಕಳ ವೈದ್ಯಕೀಯ ತಪಾಸಣೆ, ಮಕ್ಕಳಿಗೆ ಪ್ರತ್ಯೇಕ ಆಸ್ಪತ್ರೆ, ಬಡ ಹುಡುಗಿಯರ ಓದು, ವೇಶ್ಯಾಗೃಹಗಳ ನಿಯಂತ್ರಣ. ಮದುವೆಯ ವಯಸ್ಸು ಹುಡುಗಿಗೆ ಹದಿನಾರು, ಹುಡುಗನಿಗೆ ಇಪ್ಪತ್ತೊಂದು ಆಗಬೇಕು ಎಂದು ಗೊತ್ತುವಳಿ ತಂದರು. 1929ರಲ್ಲಿ ಕೇಂದ್ರದಲ್ಲಿ ಆದ ಶಾರದಾ ಕಾಯ್ದೆ ಹದಿನಾಲ್ಕು ಮತ್ತು ಹದಿನೆಂಟಕ್ಕೆ ನಿಂತಿತು. ಹೆರಿಗೆ ಕೋಣೆಯಲ್ಲಿ ಹದಿಮೂರರ ಬಸುರಿಯನ್ನು ಕಂಡವರು ಕೇಳಿದ ವಯಸ್ಸಿಗೂ ಸದನ ಒಪ್ಪಿದ ವಯಸ್ಸಿಗೂ ಎರಡು ವರ್ಷದ ಅಂತರ. ಇವುಗಳನ್ನೆಲ್ಲ ಒಂದೊಂದಾಗಿ ವಿವರಿಸುತ್ತ ಹೋದರೆ ನೀವು ಊಟಕ್ಕೆ ತಡವಾಗುತ್ತೀರಿ. ನಾನು ಒಂದನ್ನೇ ಹಿಡಿದುಕೊಳ್ಳುತ್ತೇನೆ, ದೇವದಾಸಿ ಪದ್ಧತಿಯನ್ನು.

ತಮಿಳಿನಲ್ಲಿ ಪೊಟ್ಟು ಕಟ್ಟುವುದು ಎನ್ನುತ್ತಾರೆ, ನಮ್ಮಲ್ಲಿ ಮುತ್ತು ಕಟ್ಟುವುದು. ಕಟ್ಟಿದ ಮುತ್ತನ್ನು ಬಿಡಿಸಲು ಬಂದವಳ ಹೆಸರೂ ಮುತ್ತುಲಕ್ಷ್ಮಿಯೇ! 1927ರ ನವೆಂಬರಿನಲ್ಲಿ ಆಕೆ ಒಂದು ಗೊತ್ತುವಳಿ ತಂದರು: ಹೆಣ್ಣುಮಕ್ಕಳನ್ನು ದೇವಸ್ಥಾನಕ್ಕೆ ಬಿಡುವುದನ್ನು ನಿಲ್ಲಿಸಲು ಸರ್ಕಾರ ಶಾಸನ ಮಾಡಬೇಕು. ಸದನ ಒಪ್ಪಿತು. ಗೊತ್ತುವಳಿ ಒಪ್ಪುವುದಕ್ಕೆ ಖರ್ಚಿಲ್ಲವಲ್ಲ. ಆದರೆ ಶಾಸನ ಎಲ್ಲಿ? ಭಾರತೀಯ ದಂಡಸಂಹಿತೆಯಲ್ಲಿ ಆಗಲೇ 372, 373ನೇ ಕಲಂಗಳಿದ್ದವು. ಅಪ್ರಾಪ್ತ ಹುಡುಗಿಯನ್ನು ವೇಶ್ಯಾವೃತ್ತಿಗೆ ಮಾರುವುದು, ಕೊಳ್ಳುವುದು ಅಪರಾಧ ಎಂದು ಅವು ಹೇಳುತ್ತಿದ್ದವು. ಗರ್ಭಗುಡಿಯ ಮುಂದೆ ನಡೆದ ಶಾಸ್ತ್ರವನ್ನು ಮಾರಾಟವೆಂದು ಸಾಬೀತು ಮಾಡುವವರು ಯಾರು? ಸಾಕ್ಷಿ ಹೇಳುವವರು ಯಾರು, ಪೂಜಾರಿಯೇ, ತಾಯಿಯೇ?

ಇಲ್ಲಿ ಆಕೆ ಮಾಡಿದ ಕೆಲಸವನ್ನು ನಾನು ಎಷ್ಟು ಸಲ ಓದಿದರೂ ಬೆರಗಾಗುತ್ತೇನೆ. ಆಕೆ ನೀತಿಬೋಧೆಯನ್ನು ಸ್ವಲ್ಪ ಬದಿಗಿಟ್ಟು ಜಮೀನಿನ ಪಹಣಿಗೆ ಕೈ ಹಾಕಿದರು.

ಇನಾಂ ಜಮೀನು ಎಂದರೆ ಏನೆಂದು ನಿಮ್ಮಲ್ಲಿ ಹಳ್ಳಿಯಿಂದ ಬಂದವರಿಗೆ ಗೊತ್ತು. ತಳವಾರನಿಗೆ ಇನಾಂ, ಶಾನುಭೋಗನಿಗೆ ಇನಾಂ, ವಾಲಗದವನಿಗೆ ಇನಾಂ. ಸೇವೆ ಮಾಡುವವರೆಗೆ ಜಮೀನು ನಿನ್ನದು, ಸೇವೆ ನಿಂತ ದಿನ ಜಮೀನೂ ಹೋಯಿತು. ದೇವಸ್ಥಾನದ ದಾಸಿಯರಿಗೂ ಹಾಗೆಯೇ. ಒಂದು ಮನೆಯನ್ನು ಊಹಿಸಿಕೊಳ್ಳಿ. ಮುದುಕಿ, ಮಗಳು, ಮೊಮ್ಮಗಳು. ಮನೆಯ ಅನ್ನ ಬರುವುದು ದೇವರ ಹೆಸರಿನ ಎರಡು ಎಕರೆಯಿಂದ. ಮುದುಕಿಗೆ ಕುಣಿಯಲು ಆಗುವುದಿಲ್ಲ, ಮಗಳಿಗೂ ವಯಸ್ಸಾಯಿತು. ಸೇವೆ ಮುಂದುವರಿಸಲು ಯಾರೂ ಇಲ್ಲದಿದ್ದರೆ ಜಮೀನು ದೇವಸ್ಥಾನಕ್ಕೆ ವಾಪಸ್. ಹಾಗಾದರೆ ಉಳಿದವಳು ಯಾರು? ಎಂಟು ವರ್ಷದ ಮೊಮ್ಮಗಳು. ಆಕೆಗೆ ಗೆಜ್ಜೆಪೂಜೆ ಮಾಡಿಸುವುದು ಭಕ್ತಿಯಿಂದ ಮಾತ್ರವೇ? ಆ ಎರಡು ಎಕರೆ ಆ ಮಗುವಿನ ಕಾಲಿಗೆ ಸುತ್ತಿಕೊಂಡಿತ್ತು.

ಮದ್ರಾಸಿನಲ್ಲಿ ಹಿಂದೂ ಧಾರ್ಮಿಕ ದತ್ತಿ ಕಾಯ್ದೆ ಆಗಷ್ಟೇ ಜಾರಿಗೆ ಬಂದಿತ್ತು. ಮುತ್ತುಲಕ್ಷ್ಮಿ ಅದಕ್ಕೊಂದು ತಿದ್ದುಪಡಿ ತಂದರು. ದೇವದಾಸಿಯರ ಇನಾಂ ಜಮೀನನ್ನು ಸೇವೆಯ ಷರತ್ತಿನಿಂದ ಬಿಡಿಸುವುದು, ಜಮೀನು ಅವರಿಗೇ ಉಳಿಯುವುದು, ಅದಕ್ಕೆ ತಕ್ಕ ಕಂದಾಯ ಕಟ್ಟಿದರೆ ಸಾಕು. ದೇವಸ್ಥಾನ ಇನ್ನು ಮುಂದೆ ಕುಣಿ ಎಂದು ಕರೆಯುವ ಹಾಗಿಲ್ಲ, ಕುಣಿಯದಿದ್ದರೆ ಜಮೀನು ಕಿತ್ತುಕೊಳ್ಳುವ ಹಾಗೂ ಇಲ್ಲ. 1929ರಲ್ಲಿ ಅದು ಕಾಯ್ದೆಯಾಯಿತು. ಜ್ವರಕ್ಕೆ ತಣ್ಣೀರು ಬಟ್ಟೆ ಹಾಕುವ ಬದಲು ಹುಣ್ಣು ಎಲ್ಲಿದೆ ಎಂದು ಹುಡುಕಿದ ಡಾಕ್ಟರ ಬುದ್ಧಿ ಇದು ಎಂದು ನನಗೆ ತೋರುತ್ತದೆ. ಇದೇ ಕೆಲಸ ಮೈಸೂರಿನಲ್ಲಿ ಬೇರೆ ರೀತಿ ಆಗಿತ್ತು. ಮೈಸೂರು ಸರ್ಕಾರ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ರದ್ದು ಮಾಡಿತ್ತು. ಅಲ್ಲಿ ಅದು ಸರ್ಕಾರದ ಆಜ್ಞೆಯಿಂದ ಆದದ್ದು. ಮದ್ರಾಸಿನಲ್ಲಿ ಅದೇ ಕುಲದಲ್ಲಿ ಹುಟ್ಟಿದ ತಾಯಿಯ ಮಗಳು ಸದನದಲ್ಲಿ ನಿಂತು ಒಂದೊಂದು ಮಾತಿಗೂ ಉತ್ತರ ಕೊಟ್ಟು ಮಾಡಿಸಿದ್ದು.

ವಿರೋಧ ಇತ್ತು. ಸತ್ಯಮೂರ್ತಿಯಂಥ ದೊಡ್ಡ ಕಾಂಗ್ರೆಸ್ ನಾಯಕರೇ ವಿರೋಧಿಸಿದರು, ಸಂಪ್ರದಾಯ ಹಾಳಾಗುತ್ತದೆ ಎಂದರು. ಆ ವಿರೋಧಕ್ಕೆ ನಾನು ಹೆಚ್ಚು ಸಮಯ ಕೊಡುವುದಿಲ್ಲ. ಬೇರೆಯವರ ಮಗಳ ಸಂಪ್ರದಾಯ ಕಾಪಾಡುವುದು ಬಹಳ ಸುಲಭ.

ನನ್ನನ್ನು ತಡೆದು ನಿಲ್ಲಿಸುವುದು ಇನ್ನೊಂದು ವಿರೋಧ. ದೇವದಾಸಿಯರೇ ಸಂಘ ಕಟ್ಟಿಕೊಂಡು ಈ ಮಸೂದೆ ಬೇಡ ಎಂದರು. ಅವರ ಮುಂದಾಳು ಬೆಂಗಳೂರು ನಾಗರತ್ನಮ್ಮ. ಹುಟ್ಟಿದ್ದು 1878ರಲ್ಲಿ ನಮ್ಮ ನಂಜನಗೂಡಿನಲ್ಲಿ. ದೊಡ್ಡ ಸಂಗೀತಗಾರ್ತಿ, ಸಂಸ್ಕೃತ ಬಲ್ಲವರು, ಸ್ವಂತ ದುಡಿಮೆಯಲ್ಲಿ ಗಳಿಸಿದ ಆಸ್ತಿಯನ್ನು ತಿರುವೈಯಾರಿನ ತ್ಯಾಗರಾಜರ ಸಮಾಧಿಗೆ ಸುರಿದವರು. ಅವರ ವಾದವನ್ನು ಸರಳವಾಗಿ ಹೇಳುವುದಾದರೆ ಹೀಗೆ: ನಮ್ಮನ್ನು ವೇಶ್ಯೆಯರ ಜೊತೆ ಸೇರಿಸಬೇಡಿ. ನಮ್ಮದು ವಿದ್ಯೆ, ನಮ್ಮದು ಕಲೆ. ನಮಗೆ ಆಸ್ತಿ ಹಕ್ಕಿದೆ, ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳುವ ಹಕ್ಕಿದೆ.

ಈ ವಾದದಲ್ಲಿ ಹುರುಳಿತ್ತು. ಆ ಕಾಲದಲ್ಲಿ ಗೃಹಿಣಿ ಎನಿಸಿಕೊಂಡ ಹೆಂಗಸಿಗೆ ಗಂಡನ ಮನೆಯಲ್ಲಿ ಒಂದು ಗುಂಟೆ ಜಮೀನಿನ ಹಕ್ಕೂ ಇರಲಿಲ್ಲ. ಓದು ಬರಹ ಬರುತ್ತಿದ್ದ ಹೆಂಗಸರು ಊರಿನಲ್ಲಿ ಯಾರಾದರೂ ಇದ್ದರೆ ಅವರು ಇದೇ ಮನೆಗಳವರು. ಮುತ್ತುಲಕ್ಷ್ಮಿಯವರ ಬರಹಗಳಲ್ಲಿ ಈ ಹೆಂಗಸರನ್ನು ಉದ್ಧಾರವಾಗಬೇಕಾದವರು, ಕುಲಸ್ತ್ರೀಯರಾಗಬೇಕಾದವರು ಎಂದು ಕಾಣುವ ದೃಷ್ಟಿ ಇದೆ. ಅದು ನನಗೆ ಹಿಡಿಸುವುದಿಲ್ಲ. ನಾಗರತ್ನಮ್ಮನವರ ಎದುರು ನಿಂತು ನಿನ್ನನ್ನು ಉದ್ಧಾರ ಮಾಡುತ್ತೇನೆ ಎನ್ನುವ ಧೈರ್ಯ ನನಗಂತೂ ಬರುತ್ತಿರಲಿಲ್ಲ.

ಆದರೂ ನಾನು ಮುತ್ತುಲಕ್ಷ್ಮಿಯ ಕಡೆಗೇ ನಿಲ್ಲುತ್ತೇನೆ. ನಾಗರತ್ನಮ್ಮ ಒಬ್ಬರು. ಸಾವಿರ ಮನೆಗಳಲ್ಲಿ ಸಂಗೀತವೂ ಇರಲಿಲ್ಲ, ಸಂಸ್ಕೃತವೂ ಇರಲಿಲ್ಲ, ಎಂಟು ವರ್ಷದ ಮಗುವೊಂದಿತ್ತು. ಅದನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಕಲೆಯ ವಿಷಯ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 1930ರ ದಶಕದಲ್ಲಿ ಅಡ್ಯಾರಿನ ಒಂದು ಕಡೆ ಮುತ್ತುಲಕ್ಷ್ಮಿಯವರ ಆಶ್ರಯಧಾಮ ಅವ್ವೈ ಹೋಂ ನಡೆಯುತ್ತಿತ್ತು, ಅದರ ಕಥೆ ಮುಂದೆ ಬರುತ್ತದೆ. ಅದೇ ಅಡ್ಯಾರಿನಲ್ಲಿ 1936ರಲ್ಲಿ ರುಕ್ಮಿಣಿದೇವಿಯವರ ಕಲಾಕ್ಷೇತ್ರ ಶುರುವಾಯಿತು. ಒಂದು ಕಡೆ ದೇವದಾಸಿ ಮನೆಯ ಹುಡುಗಿಯರು ಹೊಲಿಗೆ, ಪಾಠ ಹೇಳುವುದು, ದಾದಿಯ ಕೆಲಸ ಕಲಿಯುವುದು. ಇನ್ನೊಂದು ಕಡೆ ಮೇಲ್ವರ್ಗದ ಹುಡುಗಿಯರು ಅವರ ಅಜ್ಜಿಯರ ಕುಣಿತವನ್ನು ಭರತನಾಟ್ಯವೆಂಬ ಹೊಸ ಹೆಸರಿನಲ್ಲಿ ಕಲಿಯುವುದು. ನಡುವೆ ಇದ್ದದ್ದು ಸ್ವಲ್ಪವೇ ದೂರ. ಇದಕ್ಕೆ ಮುತ್ತುಲಕ್ಷ್ಮಿಯೊಬ್ಬರೇ ಕಾರಣ ಎಂದು ನಾನು ಹೇಳುವುದಿಲ್ಲ, ಆದರೆ ಲೆಕ್ಕ ಬರೆಯುವಾಗ ಈ ಸಾಲನ್ನು ಬಿಡಬಾರದು.

ಈಗ ನಮ್ಮ ಊರಿಗೆ ಬನ್ನಿ. 1929ರ ಕಾಯ್ದೆ ಬಳ್ಳಾರಿ ಜಿಲ್ಲೆಯಲ್ಲಿ ಏನು ಮಾಡಿತು? ಹೆಚ್ಚೇನೂ ಮಾಡಲಾರದಾಗಿತ್ತು. ಯಾಕೆಂದರೆ ನಮ್ಮಲ್ಲಿದ್ದದ್ದು ಹೆಚ್ಚಾಗಿ ಬಸವಿ ಪದ್ಧತಿ. ಗಂಡುಮಗ ಇಲ್ಲದ ಮನೆಯವರು ಹೆಣ್ಣುಮಗಳಿಗೆ ಮುತ್ತು ಕಟ್ಟಿಸಿ ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದರು. ಆಕೆ ಮಗನ ಜಾಗದಲ್ಲಿ ನಿಲ್ಲಬೇಕು, ತಂದೆ ತಾಯಿಯನ್ನು ಸಾಕಬೇಕು, ಆಸ್ತಿ ಇದ್ದರೆ ಅವಳಿಗೆ. ಆಕೆಗೆ ದೇವಸ್ಥಾನದಲ್ಲಿ ಕುಣಿಯುವ ಕೆಲಸವಿರಲಿಲ್ಲ, ಇನಾಂ ಜಮೀನೂ ಇರಲಿಲ್ಲ. ಬಹಳ ಮನೆಗಳಲ್ಲಿ ಯಾವ ಜಮೀನೂ ಇರಲಿಲ್ಲ, ಬಡತನ ಮಾತ್ರ ಇತ್ತು. ತಂಜಾವೂರು ಸೀಮೆಯ ದೊಡ್ಡ ದೇವಸ್ಥಾನಗಳನ್ನು ಕಣ್ಣ ಮುಂದಿಟ್ಟುಕೊಂಡು ಹೊಲಿದ ಅಂಗಿ ನಮ್ಮ ಹಳ್ಳಿಯ ಹುಡುಗಿಗೆ ಹೊಂದಲಿಲ್ಲ. ಇದು ಆಕೆಯ ತಪ್ಪು ಎಂದಲ್ಲ. ಒಂದು ಪ್ರಾಂತವೆಂದರೆ ಹತ್ತು ಲೋಕಗಳು, ಸದನದಲ್ಲಿದ್ದ ಹೆಂಗಸು ಒಬ್ಬಳೇ.

ನೇರವಾಗಿ ಮುತ್ತು ಕಟ್ಟುವುದನ್ನೇ ತಡೆಯುವ ಇನ್ನೊಂದು ಮಸೂದೆಯನ್ನು ಆಕೆ 1930ರಲ್ಲಿ ಮುಂದಿಟ್ಟರು. ಅಷ್ಟರಲ್ಲಿ ಉಪ್ಪಿನ ಸತ್ಯಾಗ್ರಹ. ಮೇ ತಿಂಗಳಲ್ಲಿ ಗಾಂಧೀಜಿಯ ಬಂಧನವಾಯಿತು. ಮುತ್ತುಲಕ್ಷ್ಮಿ ರಾಜೀನಾಮೆ ಕೊಟ್ಟು ಹೊರಬಂದರು. ಎರಡು ವರ್ಷ ಮೊದಲು ಸೈಮನ್ ಆಯೋಗಕ್ಕೆ ದೇಶವೆಲ್ಲ ಬಹಿಷ್ಕಾರ ಹಾಕಿದ್ದಾಗ ಇದೇ ಮುತ್ತುಲಕ್ಷ್ಮಿ ಅದರ ಶಿಕ್ಷಣ ವಿಭಾಗವಾದ ಹಾರ್ಟಾಗ್ ಸಮಿತಿಯಲ್ಲಿ ಕುಳಿತಿದ್ದರು. ಹುಡುಗಿಯರ ಶಾಲೆಯ ವಿಷಯ ಮಾತನಾಡುವಾಗ ಒಬ್ಬ ಹೆಂಗಸಾದರೂ ಅಲ್ಲಿರಲಿ ಎಂಬುದು ಅವರ ಲೆಕ್ಕವಾಗಿತ್ತು ಎಂದು ನಾನು ಅಂದುಕೊಂಡಿದ್ದೇನೆ. ಅಂಥವರು ಈ ಸಲ ಕುರ್ಚಿ ಬಿಟ್ಟು ಎದ್ದರು. ಮಸೂದೆಗೆ ಸದನದಲ್ಲಿ ಒಡತಿ ಇಲ್ಲದಂತಾಯಿತು. ಅದು ಶಾಸನವಾಗಿ ಬಂದದ್ದು 1947ರಲ್ಲಿ, ಓಮಂದೂರು ರಾಮಸ್ವಾಮಿ ರೆಡ್ಡಿಯಾರ್ ಅವರ ಸರ್ಕಾರದಲ್ಲಿ. ಹದಿನೇಳು ವರ್ಷ. ಆಕೆ ರಾಜೀನಾಮೆ ಕೊಡದೆ ಕುಳಿತಿದ್ದರೆ ಈ ಹದಿನೇಳು ವರ್ಷ ಕಡಿಮೆಯಾಗುತ್ತಿತ್ತೇ? ನನ್ನ ವಿದ್ಯಾರ್ಥಿಗಳ ಜೊತೆ ಈ ಪ್ರಶ್ನೆಯ ಮೇಲೆ ಎಷ್ಟೋ ಸಲ ಜಗಳವಾಡಿದ್ದೇನೆ. ಒಂದು ವರ್ಷ ಹೌದು ಎನ್ನುತ್ತೇನೆ, ಇನ್ನೊಂದು ವರ್ಷ ಇಲ್ಲ ಎನ್ನುತ್ತೇನೆ.

ಸದನ ಬಿಟ್ಟರೂ ಕೆಲಸ ಬಿಡಲಿಲ್ಲ. 1929ರ ಕಾಯ್ದೆ ಆದ ಸುದ್ದಿ ಕೇಳಿ ದೇವದಾಸಿ ಮನೆಯ ಕೆಲವು ಹುಡುಗಿಯರು ಓದಬೇಕೆಂದು ಮದ್ರಾಸಿಗೆ ಬಂದರು. ವಿದ್ಯಾರ್ಥಿನಿಲಯದಲ್ಲಿ ಜಾಗ ಕೇಳಿದರು. ಇಂಥ ಮನೆಯ ಹುಡುಗಿಯರಿಗೆ ಇಲ್ಲಿ ಜಾಗವಿಲ್ಲ ಎಂಬ ಉತ್ತರ ಬಂತು. ಬೇರೆ ದಾರಿ ಕಾಣದೆ ಡಾಕ್ಟರಮ್ಮನ ಮನೆಯ ಬಾಗಿಲಿಗೆ ಬಂದರು. ಆಕೆ ಒಳಗೆ ಕರೆದರು. ಅವ್ವೈ ಹೋಂ ಹುಟ್ಟಿದ್ದು ಹಾಗೆ, 1930ರ ಆಸುಪಾಸಿನಲ್ಲಿ. ಜಾತಿ ಕೇಳದೆ, ಮನೆತನ ಕೇಳದೆ ಹುಡುಗಿಯರನ್ನು ಸೇರಿಸಿಕೊಳ್ಳುವ ಮನೆ. ಆ ಬಾಗಿಲಿನ ಚಿತ್ರ ನನ್ನ ತಲೆಯಿಂದ ಹೋಗುವುದಿಲ್ಲ. ಕಾಯ್ದೆ ಮಾಡಿದವಳ ಮನೆ ಬಾಗಿಲಿಗೇ ಆ ಕಾಯ್ದೆಯ ಫಲಾನುಭವಿಗಳು ಹಾಸಿಗೆ ಸುರುಳಿ ಹಿಡಿದು ಬಂದು ನಿಲ್ಲುವುದು. ಇವತ್ತಿನ ಶಾಸಕರ ಮನೆ ಬಾಗಿಲಿಗೆ ಯಾರು ಬಂದು ನಿಲ್ಲುತ್ತಾರೆ ಎಂದು ನಿಮಗೆ ಗೊತ್ತೇ ಇದೆ.

ಆಮೇಲಿನದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ತಂಗಿಯೊಬ್ಬರು ಕ್ಯಾನ್ಸರಿನಿಂದ ನರಳಿ ತೀರಿಕೊಂಡಿದ್ದರು. ಆ ನೋವನ್ನು ಮೂವತ್ತು ವರ್ಷ ಹೊತ್ತುಕೊಂಡಿದ್ದ ಆಕೆ ಮಹಿಳಾ ಸಂಘದ ಮೂಲಕ ಹಣ ಕೂಡಿಸಿ ಅಡ್ಯಾರಿನಲ್ಲಿ ಕ್ಯಾನ್ಸರ್ ಆಸ್ಪತ್ರೆ ಕಟ್ಟಿಸಿದರು. ಅಡಿಗಲ್ಲು ಹಾಕಿದವರು ನೆಹರೂ, 1952ರಲ್ಲಿ. ಬಾಗಿಲು ತೆರೆದದ್ದು 1954ರಲ್ಲಿ, ಹನ್ನೆರಡು ಹಾಸಿಗೆಗಳೊಂದಿಗೆ. ಮಗ ಡಾ. ಕೃಷ್ಣಮೂರ್ತಿ ಅದನ್ನು ನಡೆಸಿದರು, ಅವರ ಜೊತೆ ಸೇರಿದ ಡಾ. ವಿ. ಶಾಂತಾ ಇಡೀ ಬದುಕನ್ನೇ ಅಲ್ಲಿ ಕಳೆದರು. ನಮ್ಮ ಬಳ್ಳಾರಿಯಿಂದಲೂ ರಾತ್ರಿ ರೈಲು ಹತ್ತಿ ಅಡ್ಯಾರಿಗೆ ಹೋದ ಕುಟುಂಬಗಳು ಎಷ್ಟಿವೆ ಎಂದು ಈ ಸಭೆಯಲ್ಲೇ ಕೈ ಎತ್ತಿಸಿದರೆ ತಿಳಿಯುತ್ತದೆ. 1956ರಲ್ಲಿ ಪದ್ಮಭೂಷಣ ಬಂತು. 1968ರ ಜುಲೈ 22ರಂದು ತೀರಿಕೊಂಡರು. ಇನ್ನು ಎಂಟು ದಿನ ಇದ್ದಿದ್ದರೆ ಎಂಬತ್ತೆರಡು ತುಂಬುತ್ತಿತ್ತು.

ಅವರು ತೀರಿಕೊಂಡ ಹದಿನಾಲ್ಕು ವರ್ಷದ ಮೇಲೆ ಕರ್ನಾಟಕ ಮತ್ತೊಮ್ಮೆ ಕಾಯ್ದೆ ಮಾಡಬೇಕಾಗಿ ಬಂತು. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ. ಮುತ್ತು ಕಟ್ಟಿಸಿದವರಿಗೆ ಮೂರು ವರ್ಷದವರೆಗೆ ಜೈಲು, ಕಟ್ಟಿಸಿದವರು ತಂದೆ ತಾಯಿಯೋ ಪಾಲಕರೋ ಆಗಿದ್ದರೆ ಐದು ವರ್ಷದವರೆಗೆ. 1993-94ರಲ್ಲಿ ಸರ್ಕಾರ ಸಮೀಕ್ಷೆ ಮಾಡಿದಾಗ 22,873 ಮಂದಿ ಸಿಕ್ಕರು. 2007-08ರಲ್ಲಿ ಮತ್ತೆ ಮಾಡಿದಾಗ ಪಟ್ಟಿಗೆ ಇನ್ನೂ 23,787 ಹೆಸರು ಸೇರಿದವು. ಪಟ್ಟಿಯಲ್ಲಿ ನಮ್ಮ ಜಿಲ್ಲೆ ಎಲ್ಲಿತ್ತು ಎಂದು ನಾನು ಹೇಳಬೇಕಾಗಿಲ್ಲ. 2025ರಲ್ಲಿ ನಮ್ಮ ವಿಧಾನಮಂಡಲ ಮತ್ತೊಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಅದು ಶಿಕ್ಷೆಯ ಮಾತಿನ ಜೊತೆಗೆ ಮಕ್ಕಳ ಮಾತನ್ನೂ ಆಡುತ್ತದೆ. ಆ ಮಕ್ಕಳ ದಾಖಲೆಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ, ಬೇಕೆಂದರೆ ತಂದೆ ಯಾರೆಂದು ಗುರುತಿಸಿಕೊಳ್ಳುವ ಹಕ್ಕು, ಅವನ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕು.

ಅದನ್ನು ಪತ್ರಿಕೆಯಲ್ಲಿ ಓದಿದ ವಾರವೇ ನಾನು ಮೊದಲು ಕೆಲಸ ಮಾಡಿದ ಶಾಲೆಗೆ ಹೋಗಿದ್ದೆ. ಈಗಿನ ಹೆಡ್‌ಮಾಸ್ತರರು ನನ್ನ ಶಿಷ್ಯ, ಬೀರುವಿನ ಬೀಗ ತೆಗೆಸಿ ಹಳೆಯ ರಿಜಿಸ್ಟರುಗಳನ್ನು ಮೇಜಿನ ಮೇಲೆ ಹಾಕಿಸಿದ. ಗೆದ್ದಲು ಮೂಲೆ ತಿಂದಿತ್ತು. ಹುಡುಕಿದೆ, ಸಿಕ್ಕಿತು. ನನ್ನದೇ ಕೈಬರಹ, ಜೂನ್ ಒಂದು, ತಾಯಿಯ ಹೆಸರು, ಊರು. ನೀಲಿ ಶಾಯಿ ಬಹಳ ಕಡೆ ಮಾಸಿ ಹೋಗಿದೆ. ಗೆರೆ ಎಳೆದಿದ್ದು ಮಾತ್ರ ಒತ್ತಿ ಎಳೆದಿದ್ದೆನೇನೋ, ಹಾಳೆಯ ಆ ಬದಿಯಿಂದಲೂ ಕಾಣುತ್ತದೆ.